ಹೋರಿ ಹಾರದಿದ್ದರೆ, ಟಗರು ಬಿಟ್ಟರೂ ಗಬ್ಬ ನಿಲ್ಲದಿದ್ದರೆ: ವೃಷಣದ ಹಾರ್ಮೋನ್ ದೋಷ ಪತ್ತೆಹಚ್ಚುವ ಕೈಪಿಡಿ

ಬೆದೆಗೆ ಬಂದ ಹಸುವಿನ ಪಕ್ಕದಲ್ಲೇ ಬೀಜದ ಹೋರಿ ಮೆಲುಕು ಹಾಕುತ್ತಾ ನಿಂತಿದ್ದರೆ ಸಾಕಿದವರಿಗೆ ಮೊದಲು ಸಿಗುವ ಸಲಹೆ ‘ಗಂಡು ಹಾರ್ಮೋನಿನ ಇಂಜೆಕ್ಷನ್ ಹಾಕಿಸಿ’ ಎಂಬುದು. ದಯವಿಟ್ಟು ಹಾಕಿಸಬೇಡಿ. ಹೊರಗಿನಿಂದ ಟೆಸ್ಟೋಸ್ಟೆರೋನ್ ಕೊಟ್ಟರೆ ಪ್ರಾಣಿಯ ಮಿದುಳು ‘ಹಾರ್ಮೋನ್ ಬೇಕಾದಷ್ಟಿದೆ’ ಎಂದು ತಿಳಿದು ವೃಷಣಕ್ಕೆ ಆದೇಶ ಕಳಿಸುವುದನ್ನೇ ನಿಲ್ಲಿಸುತ್ತದೆ. ಕೆಲವು ದಿನ ಹೋರಿ ಹುರುಪಿನಿಂದ ಹಾರಬಹುದು. ಆದರೆ ಒಳಗೆ ವೃಷಣ ಸೊರಗುತ್ತದೆ, ವೀರ್ಯಾಣು ಕಡಿಮೆಯಾಗುತ್ತವೆ, ಮೊದಲು ಇದ್ದ ಸಣ್ಣ ತೊಂದರೆ ದೊಡ್ಡದಾಗುತ್ತದೆ. ದೋಷ ಎಲ್ಲಿದೆ ಎಂದು ತಿಳಿಯುವುದು ಮೊದಲ ಕೆಲಸ. ಅದರಲ್ಲಿ ಅರ್ಧದಷ್ಟನ್ನು ಕಾಸು ಖರ್ಚಿಲ್ಲದೆ, ಕಣ್ಣು, ಕೈ ಮತ್ತು ಒಂದು ಅಳತೆಯ ಟೇಪಿನಿಂದ ಮನೆಯಲ್ಲೇ ಮಾಡಬಹುದು.

ಹೋರಿ, ಕೋಣ, ಟಗರು, ಹೋತ ಸಾಕುವವರನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆದಿದ್ದೇನೆ. ನಾಯಿ, ಬೆಕ್ಕು ಸಾಕಿದವರಿಗೆ ಬೇಕಾದದ್ದು ಕೊನೆಯ ಭಾಗಗಳಲ್ಲಿದೆ.

## ಮೊದಲು ತಿಳಿದಿರಬೇಕಾದದ್ದು

ವೃಷಣದಲ್ಲಿ ಎರಡು ಬಗೆಯ ಕೆಲಸ ನಡೆಯುತ್ತದೆ. ವೀರ್ಯನಾಳಗಳ ನಡುವಿನ ಸಂದುಗಳಲ್ಲಿರುವ ಲೇಡಿಗ್ ಕೋಶಗಳು ಟೆಸ್ಟೋಸ್ಟೆರೋನ್ ತಯಾರಿಸುತ್ತವೆ. ನಾಳಗಳ ಒಳಗಿರುವ ಸರ್ಟೋಲಿ ಕೋಶಗಳು ಬೆಳೆಯುತ್ತಿರುವ ವೀರ್ಯಾಣುಗಳನ್ನು ಪೋಷಿಸುತ್ತವೆ. ಇವೆರಡಕ್ಕೂ ಆದೇಶ ಬರುವುದು ಮಿದುಳಿನಿಂದ. ಹೈಪೋಥಲಾಮಸ್ ಎಂಬ ಭಾಗ ಜಿಎನ್‌ಆರ್‌ಎಚ್ ಎಂಬ ಹಾರ್ಮೋನನ್ನು ಬಿಟ್ಟು ಬಿಟ್ಟು, ಮಿಡಿತಗಳಂತೆ ಸುರಿಸುತ್ತದೆ. ಅದರ ಕೆಳಗಿನ ಪಿಟ್ಯುಟರಿ ಗ್ರಂಥಿ ಆ ಮಿಡಿತಕ್ಕೆ ಸ್ಪಂದಿಸಿ ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ ಎಂಬ ಎರಡು ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತದೆ. ಎಲ್‌ಎಚ್ ಹೋಗುವುದು ಲೇಡಿಗ್ ಕೋಶಕ್ಕೆ, ಎಫ್‌ಎಸ್‌ಎಚ್ ಹೋಗುವುದು ಸರ್ಟೋಲಿ ಕೋಶಕ್ಕೆ. ತಯಾರಾದ ಟೆಸ್ಟೋಸ್ಟೆರೋನ್ ಮರಳಿ ಮಿದುಳನ್ನು ತಲುಪಿ ‘ಇಷ್ಟು ಸಾಕು’ ಎನ್ನುತ್ತದೆ. ಸರ್ಟೋಲಿ ಕೋಶಗಳ ಇನ್ಹಿಬಿನ್ ಎಂಬ ಹಾರ್ಮೋನ್ ಎಫ್‌ಎಸ್‌ಎಚ್‌ಗೆ ಅದೇ ಮಾತನ್ನು ಹೇಳುತ್ತದೆ.

1935ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅರ್ನ್ಸ್ಟ್ ಲಾಕರ್ ಅವರ ತಂಡ ಹೋರಿಗಳ ವೃಷಣದಿಂದ ಟೆಸ್ಟೋಸ್ಟೆರೋನನ್ನು ಮೊದಲ ಬಾರಿಗೆ ಬೇರ್ಪಡಿಸಿತು. ಸುಮಾರು 100 ಕಿಲೋ ವೃಷಣದಿಂದ ಅವರಿಗೆ ಸಿಕ್ಕಿದ್ದು 10 ಮಿಲಿಗ್ರಾಂ ಮಾತ್ರ. ವೃಷಣ ಹಾರ್ಮೋನನ್ನು ಕೂಡಿಡುವ ಉಗ್ರಾಣವಲ್ಲ ಎಂಬುದು ಇದರಿಂದಲೇ ತಿಳಿಯುತ್ತದೆ. ಆದೇಶ ಬಂದಾಗ ಆಗಿಂದಾಗ್ಗೆ ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಎಲ್‌ಎಚ್ ಬಂದು ಲೇಡಿಗ್ ಕೋಶದ ಗ್ರಾಹಿಯ (ಹಾರ್ಮೋನನ್ನು ಹಿಡಿದುಕೊಳ್ಳುವ ಪ್ರೋಟೀನಿನ) ಮೇಲೆ ಕೂತ ಕೂಡಲೇ ಕೋಶದೊಳಗೆ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕ ಏರುತ್ತದೆ. ಅದು ಸ್ಟಾರ್ ಎಂಬ ಪ್ರೋಟೀನನ್ನು ಎಬ್ಬಿಸುತ್ತದೆ, ಸ್ಟಾರ್ ಕೊಲೆಸ್ಟರಾಲನ್ನು ಮೈಟೋಕಾಂಡ್ರಿಯದ ಒಳಪೊರೆಗೆ ದಾಟಿಸುತ್ತದೆ. ಇಡೀ ಉತ್ಪಾದನೆಯ ವೇಗವನ್ನು ನಿರ್ಧರಿಸುವುದು ಈ ಒಂದು ದಾಟುವಿಕೆ. 1994ರಲ್ಲಿ ಅಮೆರಿಕದ ಡಗ್ಲಸ್ ಸ್ಟಾಕೋ ಅವರ ತಂಡ ಇಲಿಯ ಲೇಡಿಗ್ ಕೋಶಗಳಲ್ಲಿ ಈ ಪ್ರೋಟೀನನ್ನು ಗುರುತಿಸಿತು. ಆಮೇಲಿನದು ಕಿಣ್ವಗಳ ಸಾಲು; ಕೊಲೆಸ್ಟರಾಲ್ ಪ್ರೆಗ್ನೆನೊಲೋನ್ ಆಗಿ, ಹಂತ ಹಂತವಾಗಿ ಟೆಸ್ಟೋಸ್ಟೆರೋನ್ ಆಗುತ್ತದೆ.

ಎಲ್‌ಎಚ್ ಒಂದೇ ಎಲ್ಲವನ್ನೂ ನಿಭಾಯಿಸುವುದಿಲ್ಲ. ವೃಷಣದೊಳಗೇ ಮತ್ತು ಯಕೃತ್ತಿನಲ್ಲಿ ಹುಟ್ಟುವ ಬೆಳವಣಿಗೆ ಅಂಶಗಳು ಲೇಡಿಗ್ ಕೋಶ ಎಷ್ಟು ಚುರುಕಾಗಿ ಸ್ಪಂದಿಸಬೇಕು ಎಂಬುದನ್ನು ಏರಿಸುತ್ತವೆ, ಇಳಿಸುತ್ತವೆ. ಐಜಿಎಫ್-1 ಏರಿಸುವ ಕಡೆಯದು. ಟಿಜಿಎಫ್-ಬೀಟಾ, ಆಕ್ಟಿವಿನ್, ಉರಿಯೂತದ ಸಮಯದಲ್ಲಿ ಹುಟ್ಟುವ ಟಿಎನ್‌ಎಫ್-ಆಲ್ಫಾ, ಇಂಟರ್‌ಲ್ಯೂಕಿನ್-1 ಇವು ಬಹುಮಟ್ಟಿಗೆ ತಗ್ಗಿಸುವ ಕಡೆಯವು. ಮೇವು, ಜ್ವರ, ವಯಸ್ಸು ಇವೆಲ್ಲ ವೃಷಣವನ್ನು ಮುಟ್ಟುವ ದಾರಿಗಳಲ್ಲಿ ಇದೂ ಒಂದು.

ಎಚ್ಚರಿಕೆಯ ಮಾತು ಇಲ್ಲೇ ಹೇಳಿಬಿಡುತ್ತೇನೆ. ಹೋರಿಯ ಹಿಂದೆ ನಿಂತು ವೃಷಣ ಮುಟ್ಟುವ ಕೆಲಸವನ್ನು ಒಬ್ಬರೇ ಮಾಡಬೇಡಿ. ಎಷ್ಟೇ ಸಾಧು ಹೋರಿಯಾದರೂ ಮೂಗುದಾರ ಹಿಡಿಯಲು ಪಳಗಿದವರೊಬ್ಬರು ಇರಲಿ. ಸಾಧ್ಯವಾದರೆ ಪಶು ಆಸ್ಪತ್ರೆಯ, ದನ ಅಲುಗದಂತೆ ಹಿಡಿದಿಡುವ ಚೌಕಟ್ಟಾದ ಟ್ರೆವಿಸ್‌ನಲ್ಲಿ ನಿಲ್ಲಿಸಿಯೇ ನೋಡಿ. ಕೈಗೆ ರಬ್ಬರ್ ಕೈಗವಸು ಇರಲಿ. ಯಾಕೆಂದರೆ ಮುಂದೆ ಹೇಳುವ ಒಂದು ರೋಗ ಮನುಷ್ಯರಿಗೂ ಅಂಟುತ್ತದೆ.

## ಲಕ್ಷಣ: ಹಾರುವ ಆಸಕ್ತಿಯೇ ಇಲ್ಲ

ಹಾರ್ಮೋನನ್ನು ಅನುಮಾನಿಸುವ ಮುನ್ನ ಕಾಲು ನೋಡಿ. ಹಿಂಗಾಲಿನ ಗೊರಸು ಬೆಳೆದು ತಿರುಚಿದೆಯೇ, ಗೊರಸಿನ ಸಂದಿಯಲ್ಲಿ ಹುಣ್ಣಿದೆಯೇ, ಮಂಡಿ ಊದಿದೆಯೇ, ಏಳುವಾಗ ಬೆನ್ನು ಬಗ್ಗಿಸಲು ಹಿಂಜರಿಯುತ್ತದೆಯೇ? ಹಾರಿದಾಗ ಇಡೀ ಮೈಭಾರ ಹಿಂಗಾಲಿನ ಮೇಲೆ ಬೀಳುತ್ತದೆ. ಒಮ್ಮೆ ನೋವಾದ ಹೋರಿ ಮತ್ತೆ ಹಾರಲು ಮನಸ್ಸು ಮಾಡುವುದಿಲ್ಲ. ಆಮೇಲೆ ಶಿಶ್ನದ ಹೊದಿಕೆ ನೋಡಿ. ಗಾಯ, ಬಾವು, ಅಂಟಿಕೊಂಡ ಕೂದಲು, ಕೀವು ಇದ್ದರೆ ಉತ್ತರ ಅಲ್ಲೇ ಸಿಕ್ಕಿತು.

ಅದೂ ಸರಿಯಿದ್ದರೆ ದಿನಚರಿ ಕೇಳಿಕೊಳ್ಳಿ. ಹೊಸ ಜಾಗಕ್ಕೆ ಬಂದು ಕೆಲವೇ ದಿನವಾಗಿದೆಯೇ? ಲಾರಿಯಲ್ಲಿ ದೂರ ಸಾಗಿಸಿದಿರಾ? ಬಲಿಷ್ಠವಾದ ಇನ್ನೊಂದು ಟಗರು ಹಿಂಡಿನಲ್ಲಿದೆಯೇ? ಒಂದು ಟಗರಿಗೆ 25–30 ಕುರಿ ಎಂಬ ಲೆಕ್ಕ ಮೀರಿ ಅದನ್ನು ದಣಿಸಿದ್ದೀರಾ? ಪ್ರಾಣಿ ಒತ್ತಡದಲ್ಲಿದ್ದರೆ ಅಡ್ರಿನಲ್ ಗ್ರಂಥಿಯ ಕಾರ್ಟಿಸೋಲ್ ಏರುತ್ತದೆ. ಅದು ಮಿದುಳಿನ ಜಿಎನ್‌ಆರ್‌ಎಚ್ ಮಿಡಿತವನ್ನೂ ತಗ್ಗಿಸುತ್ತದೆ, ಲೇಡಿಗ್ ಕೋಶವನ್ನು ನೇರವಾಗಿಯೂ ಅದುಮುತ್ತದೆ. ಇಂಥ ಪ್ರಾಣಿಗೆ ಬೇಕಾದದ್ದು ನೆರಳು, ನೀರು, ವಿಶ್ರಾಂತಿ.

ಮುಂದಿನ ಪ್ರಶ್ನೆ ಔಷಧಿಯದು. ಇದನ್ನು ಬಹಳ ಜನ ಮರೆಯುತ್ತಾರೆ. ಕಾಲುನೋವಿಗೋ ಕೆಮ್ಮಿಗೋ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಔಷಧಿ ಕೊಟ್ಟಿದ್ದರೆ ಅದು ಕಾರ್ಟಿಸೋಲ್ ಮಾಡುವ ಕೆಲಸವನ್ನೇ ಇನ್ನೂ ಜೋರಾಗಿ ಮಾಡಿ, ಎಲ್‌ಎಚ್ ಮತ್ತು ಟೆಸ್ಟೋಸ್ಟೆರೋನ್ ಎರಡನ್ನೂ ಇಳಿಸುತ್ತದೆ. ಪ್ರದರ್ಶನಕ್ಕೋ ಕಾಳಗಕ್ಕೋ ಮೈ ತುಂಬಲೆಂದು ಯಾರಾದರೂ ಟೆಸ್ಟೋಸ್ಟೆರೋನ್ ಜಾತಿಯ ಇಂಜೆಕ್ಷನ್ ಹಾಕಿಸಿದ್ದರೆ ಅದು ಇನ್ನೂ ಕೆಟ್ಟದ್ದು. ಟಗರು ಕೊಳ್ಳುವಾಗ ಮಾರುವವರನ್ನು ಈ ಬಗ್ಗೆ ನೇರವಾಗಿ ಕೇಳಿ. ಮೈಕಟ್ಟು ಭಾರಿಯಾಗಿದ್ದು ವೃಷಣ ಸಣ್ಣದಾಗಿ, ಮೆತ್ತಗೆ ಇದ್ದರೆ ನನ್ನ ಮೊದಲ ಅನುಮಾನ ಅಲ್ಲಿಗೇ ಹೋಗುತ್ತದೆ.

ಇನ್ನು ರಕ್ತ ಪರೀಕ್ಷೆಗೂ ಮುನ್ನ ಟೆಸ್ಟೋಸ್ಟೆರೋನ್ ಇದೆಯೇ ಇಲ್ಲವೇ ಎಂದು ಪ್ರಾಣಿಯ ಮೈಯೇ ಹೇಳುತ್ತದೆ. ಹೋತದ ನಾತ ಇದಕ್ಕೆ ಅತ್ಯುತ್ತಮ ಸೂಚಕ. ಕೊಂಬಿನ ಹಿಂದಿನ ಚರ್ಮದ ಗ್ರಂಥಿಗಳು ಟೆಸ್ಟೋಸ್ಟೆರೋನ್ ಇದ್ದಾಗ ಮಾತ್ರ ಆ ಗಾಢ ವಾಸನೆ ಬಿಡುತ್ತವೆ. ಬೆರಳಿನಿಂದ ಅಲ್ಲಿ ತಿಕ್ಕಿ ಮೂಸಿ ನೋಡಿ. ಹೋರಿಯಲ್ಲಾದರೆ ದಪ್ಪ ಕುತ್ತಿಗೆ, ಎತ್ತರದ ಡುಬ್ಬ. ಹಳ್ಳಿಕಾರ್‌ನಂಥ ಬೂದು ತಳಿಗಳಲ್ಲಿ ಭುಜ ಮತ್ತು ಕತ್ತಿನ ಮೇಲಿನ ಕಪ್ಪು ಛಾಯೆ. ಇವೆಲ್ಲ ಗಟ್ಟಿಯಾಗಿದ್ದರೆ ಲೇಡಿಗ್ ಕೋಶಗಳು ತಿಂಗಳುಗಟ್ಟಲೆಯಿಂದ ಕೆಲಸ ಮಾಡುತ್ತಿವೆ ಎಂದೇ ಅರ್ಥ. ಆಗ ಹಾರದಿರುವುದಕ್ಕೆ ಹಾರ್ಮೋನ್ ಕಾರಣವಲ್ಲ. ಒಂದು ಮಟ್ಟದ ಟೆಸ್ಟೋಸ್ಟೆರೋನ್ ಇದ್ದರೆ ಸಾಕು, ಅದಕ್ಕಿಂತ ಹೆಚ್ಚಿದ್ದ ಮಾತ್ರಕ್ಕೆ ಹೋರಿ ಹೆಚ್ಚು ಹಾರುವುದಿಲ್ಲ. ಹಿಂದೆ ಇದ್ದ ನಾತ ಹೋಗಿದ್ದರೆ, ಕಪ್ಪು ಛಾಯೆ ಮಾಸಿದ್ದರೆ, ಕುತ್ತಿಗೆ ಇಳಿದಿದ್ದರೆ ಆಗ ಹಾರ್ಮೋನಿನ ದಾರಿಯಲ್ಲಿ ಮುಂದೆ ಹುಡುಕಬೇಕು.

## ಲಕ್ಷಣ: ಹಾರುತ್ತದೆ, ಆದರೆ ಗಬ್ಬ ನಿಲ್ಲುವುದಿಲ್ಲ

ಹುರುಪಿನಿಂದ ಹಾರುವ ಗಂಡಿನಲ್ಲಿ ಟೆಸ್ಟೋಸ್ಟೆರೋನ್ ಇದೆ. ದೋಷ ಇದ್ದರೆ ನಾಳಗಳ ಒಳಗಿದೆ, ಅಥವಾ ಹೆಣ್ಣಿನಲ್ಲಿದೆ. ಇದನ್ನು ನಂಬಲು ಕಷ್ಟಪಡುವವರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್. ಆರ್. ಮೌದ್ಗಲ್ ಮತ್ತು ಅವರ ಸಹೋದ್ಯೋಗಿಗಳು ಗಂಡು ಕಪಿಗಳ ಮೇಲೆ ನಡೆಸಿದ ಕೆಲಸವನ್ನು ಹೇಳುತ್ತೇನೆ. ಎಫ್‌ಎಸ್‌ಎಚ್‌ಗೆ ವಿರುದ್ಧವಾಗಿ ಲಸಿಕೆ ಕೊಟ್ಟಾಗ ಆ ಕಪಿಗಳ ವೀರ್ಯಾಣು ಕುಸಿದು ಸಂತಾನಶಕ್ತಿ ಹೋಯಿತು. ಟೆಸ್ಟೋಸ್ಟೆರೋನ್ ಮಾತ್ರ ಮೊದಲಿನಂತೆಯೇ ಉಳಿಯಿತು. ಒಂದೇ ಅಂಗದೊಳಗಿನ ಎರಡು ಕೆಲಸಗಳು ಅಷ್ಟರಮಟ್ಟಿಗೆ ಬೇರೆ ಬೇರೆ.

ಮೊದಲು ಹೆಣ್ಣುಗಳನ್ನು ನೋಡಿ. ಅದೇ ಹಸುಗಳಿಗೆ ಬೇರೆ ಹೋರಿಯಿಂದ ಅಥವಾ ಕೃತಕ ಗರ್ಭಧಾರಣೆಯಿಂದ ಗಬ್ಬ ನಿಲ್ಲುತ್ತಿದೆಯೇ? ನಿಲ್ಲುತ್ತಿದ್ದರೆ ಗಂಡಿನ ಕಡೆ ತಿರುಗಿ. ನಂತರ ಪಂಚಾಂಗ ತೆಗೆದು ಹಿಂದಕ್ಕೆ ಎಣಿಸಿ. ಹೋರಿಯಲ್ಲಿ ಒಂದು ವೀರ್ಯಾಣು ತಯಾರಾಗಲು ಸುಮಾರು 61 ದಿನ ಬೇಕು. ಟಗರಿನಲ್ಲಿ ಸುಮಾರು ಏಳು ವಾರ. ಇದರ ಮೇಲೆ ಎಪಿಡಿಡಿಮಿಸ್ ಎಂಬ ಸುರುಳಿ ನಾಳದಲ್ಲಿ ಬಲಿಯಲು ಹತ್ತು ಹದಿನೈದು ದಿನ. ಆದ್ದರಿಂದ ಇವತ್ತು ಗಬ್ಬ ನಿಲ್ಲದಿರುವುದಕ್ಕೆ ಕಾರಣ ಒಂದೆರಡು ತಿಂಗಳ ಹಿಂದಿನ ಜ್ವರವಿರಬಹುದು, ಕಾಲುಬಾಯಿ ಬೇನೆ ಇರಬಹುದು, ಏಪ್ರಿಲ್–ಮೇ ತಿಂಗಳ ಬಿಸಿಲಿರಬಹುದು. ವೀರ್ಯಾಣು ಬೆಳೆಯಲು ವೃಷಣ ಮೈಯೊಳಗಿನ ಶಾಖಕ್ಕಿಂತ 2ರಿಂದ 6 ಡಿಗ್ರಿ ಸೆಲ್ಸಿಯಸ್ ತಣ್ಣಗಿರಬೇಕು. ರಾಯಚೂರು, ಕಲಬುರಗಿ, ಬಳ್ಳಾರಿಯ ಬೇಸಿಗೆಯಲ್ಲಿ ತಗಡಿನ ಸೂರಿನ ಕೆಳಗೆ ಕಟ್ಟಿದ ಟಗರಿಗೆ ಅದು ಸಾಧ್ಯವೇ? ಅತಿಯಾಗಿ ಕೊಬ್ಬಿದ ಹೋರಿಯಲ್ಲೂ ಇದೇ ತೊಂದರೆ. ವೃಷಣಚೀಲದ ಕತ್ತಿನಲ್ಲಿ ತುಂಬಿದ ಕೊಬ್ಬು ಶಾಖವನ್ನು ಹೊರಗೆ ಬಿಡುವುದಿಲ್ಲ. ಶಾಖದ ಹೊಡೆತ ವೀರ್ಯಾಣುವಿಗೆ ಮೊದಲು ಬೀಳುತ್ತದೆ, ಲೇಡಿಗ್ ಕೋಶ ಹೆಚ್ಚು ತಾಳಿಕೊಳ್ಳುತ್ತದೆ. ಹಾರುವ ಹುರುಪು ಉಳಿದು ಬೀಜ ಮಾತ್ರ ಕೆಡುವುದು ಇದರಿಂದಲೇ.

ಹತ್ತಿ ಬೆಳೆಯುವ ಸೀಮೆಯವರು ಮೇವನ್ನೂ ಗಮನಿಸಿ. ಹತ್ತಿಬೀಜ ಮತ್ತು ಹತ್ತಿ ಹಿಂಡಿಯಲ್ಲಿರುವ ಗಾಸಿಪಾಲ್ ಎಂಬ ಪದಾರ್ಥ ವೀರ್ಯಾಣುವಿನ ನಡುಭಾಗವನ್ನೇ ಕೆಡಿಸುತ್ತದೆ. ಹಾಲು ಕರೆಯುವ ಹಸುವಿಗೆ ಒಗ್ಗುವ ಪ್ರಮಾಣ ಬೀಜದ ಹೋರಿಗೂ, ಎಳೆಯ ಟಗರಿಗೂ ಒಗ್ಗುತ್ತದೆ ಎಂದು ಭಾವಿಸಬೇಡಿ. ತಳಿಗಾಗಿ ಇಟ್ಟ ಗಂಡಿಗೆ ಶೇಂಗಾ ಹಿಂಡಿ ಅಥವಾ ಬೇರೆ ಹಿಂಡಿಗೆ ಬದಲಾಯಿಸಿ ಎರಡು ಮೂರು ತಿಂಗಳು ಕಾದು ನೋಡುವುದು ನನಗೆ ಸರಿ ಎನಿಸುತ್ತದೆ. ಸತುವು ಮತ್ತು ಎ ಜೀವಸತ್ವ ಕಡಿಮೆಯಾದರೂ ವೃಷಣ ಸೊರಗುತ್ತದೆ. ಖನಿಜ ಮಿಶ್ರಣ ಮತ್ತು ಹಸಿ ಮೇವು ದುಬಾರಿಯಲ್ಲದ ಪರಿಹಾರ.

ಇಷ್ಟರಲ್ಲೂ ಸುಳಿವು ಸಿಗದಿದ್ದರೆ ವೀರ್ಯ ಪರೀಕ್ಷೆ ಮಾಡಿಸಿ. ಬೆಂಗಳೂರಿನ ಹೆಬ್ಬಾಳ, ಬೀದರ್, ಹಾಸನ, ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜುಗಳಲ್ಲಿ ಪ್ರಾಣಿಗಳ ಸಂತಾನ ವಿಭಾಗಗಳಿವೆ. ಒಂದು ವರದಿ ಕೆಟ್ಟದಾಗಿ ಬಂದಿತೆಂದು ಹೋರಿಯನ್ನು ಮಾರಬೇಡಿ. ಎರಡು ತಿಂಗಳು ಬಿಟ್ಟು ಮತ್ತೊಮ್ಮೆ ಮಾಡಿಸಿ.

## ಲಕ್ಷಣ: ವೃಷಣ ಊದಿದೆ, ಬಿಸಿಯಿದೆ, ಮುಟ್ಟಿದರೆ ಒದೆಯುತ್ತದೆ

ಇಲ್ಲಿ ನಿಮ್ಮ ಪರೀಕ್ಷೆ ನಿಲ್ಲಬೇಕು. ಪ್ರಾಣಿಯನ್ನು ಹಿಂಡಿನಿಂದ ಬೇರೆ ಕಟ್ಟಿ, ಯಾವ ಹೆಣ್ಣಿಗೂ ಬಿಡದೆ ಪಶುವೈದ್ಯರನ್ನು ಕರೆಯಿರಿ. ಹತ್ತಿರ ಯಾರೂ ಇಲ್ಲದಿದ್ದರೆ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ.

ಗುದ್ದಾಟದ ಪೆಟ್ಟಿನಿಂದಲೂ ಊತ ಬರಬಹುದು. ಆದರೆ ಮೊದಲು ತಳ್ಳಿಹಾಕಬೇಕಾದದ್ದು ಬ್ರುಸೆಲ್ಲಾ ರೋಗ, ಅದರಲ್ಲೂ ಮಂದೆಯಲ್ಲಿ ಕಂದು ಹಾಕಿದ ಹಸು, ಕುರಿ, ಮೇಕೆ ಇದ್ದರೆ. ಈ ಬ್ಯಾಕ್ಟೀರಿಯಾ ವೃಷಣ ಮತ್ತು ಎಪಿಡಿಡಿಮಿಸ್‌ನಲ್ಲಿ ಮನೆ ಮಾಡುತ್ತದೆ. ಮನುಷ್ಯರಿಗೆ ಅಂಟಿದರೆ ಬಿಟ್ಟು ಬಿಟ್ಟು ಬರುವ ಜ್ವರ, ರಾತ್ರಿ ಬೆವರು, ಕೀಲುನೋವು ವಾರಗಟ್ಟಲೆ ಕಾಡುತ್ತವೆ. ಗಂಡಸರಿಗೆ ವೃಷಣದ ಊತವೂ ಬರಬಹುದು. ಕಂದು, ಮಾಸು, ಸ್ರಾವವನ್ನು ಬರಿಗೈಯಲ್ಲಿ ಮುಟ್ಟಬೇಡಿ. ಹಾಲನ್ನು ಕಾಯಿಸದೆ ಕುಡಿಯಬೇಡಿ. ಮನೆಯವರಿಗೆ ಅಂಥ ಜ್ವರವಿದ್ದರೆ ‘ಮನೆಯಲ್ಲಿ ಜಾನುವಾರು ಕಂದು ಹಾಕಿದೆ’ ಎಂದು ವೈದ್ಯರಿಗೆ ಬಾಯಿಬಿಟ್ಟು ಹೇಳಿ. ಅವರು ಕೇಳದೆಯೂ ಇರಬಹುದು. ಈ ರೋಗದ ಬಗ್ಗೆ ಬೆಂಗಳೂರಿನ ಯಲಹಂಕದಲ್ಲಿರುವ ನಿವೇದಿ ಎಂಬ ರಾಷ್ಟ್ರೀಯ ಪಶುರೋಗ ಸಂಶೋಧನಾ ಸಂಸ್ಥೆಯಲ್ಲಿ ದೇಶಮಟ್ಟದ ಕೆಲಸ ನಡೆಯುತ್ತದೆ. ಇನ್ನೊಂದು ಮಾತು: ಬ್ರುಸೆಲ್ಲಾ ತಡೆಯುವ ಎಸ್-19 ಲಸಿಕೆ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಮಾತ್ರ. ಗಂಡು ಕರುವಿಗೆ ಹಾಕಿದರೆ ಲಸಿಕೆಯೇ ವೃಷಣದ ಉರಿಯೂತ ತರಬಹುದು.

ಊತವಿದ್ದಾಗ ಹಾರ್ಮೋನ್ ಏಕೆ ಇಳಿಯುತ್ತದೆ? ವೃಷಣದಲ್ಲಿ ಲೇಡಿಗ್ ಕೋಶಗಳಿಗೆ ಒತ್ತಿಕೊಂಡೇ ಮ್ಯಾಕ್ರೊಫೇಜ್ ಎಂಬ ರಕ್ಷಕ ಕೋಶಗಳಿರುತ್ತವೆ. ಸೋಂಕು ಬಂದಾಗ ಅವು ಟಿಎನ್‌ಎಫ್-ಆಲ್ಫಾ ಮತ್ತು ಇಂಟರ್‌ಲ್ಯೂಕಿನ್-1 ಸುರಿಸುತ್ತವೆ. ಪಕ್ಕದ ಲೇಡಿಗ್ ಕೋಶದಲ್ಲಿ ಸ್ಟಾರ್ ಪ್ರೋಟೀನ್ ಮತ್ತು ಕಿಣ್ವಗಳ ತಯಾರಿಕೆ ಕುಗ್ಗುತ್ತದೆ. ಎಲ್‌ಎಚ್ ಎಷ್ಟೇ ಬಂದರೂ ಕೆಲಸ ನಡೆಯುವುದಿಲ್ಲ. ಸೋಂಕನ್ನು ಬಿಟ್ಟು ಹಾರ್ಮೋನಿಗೆ ಚಿಕಿತ್ಸೆ ಮಾಡುವುದು ಇಲ್ಲಿ ಪೂರ್ತಿ ತಪ್ಪು ದಾರಿ.

## ಲಕ್ಷಣ: ವಯಸ್ಸಾದರೂ ವೃಷಣ ಸಣ್ಣದು

ದರ್ಜಿಯ ಟೇಪು ಸಾಕು. ಎರಡೂ ವೃಷಣಗಳನ್ನು ಚೀಲದ ತಳಕ್ಕೆ ಮೆಲ್ಲನೆ ಇಳಿಸಿ, ಅತ್ಯಂತ ದಪ್ಪ ಭಾಗದ ಸುತ್ತಳತೆ ನೋಡಿ. ವಿದೇಶಿ ತಳಿಯ ಹೋರಿಗಳಿಗೆ ಪಶುವೈದ್ಯರು ಬಳಸುವ ಕನಿಷ್ಠ ಅಳತೆ 15 ತಿಂಗಳೊಳಗೆ 30 ಸೆಂಟಿಮೀಟರ್, ಎರಡು ವರ್ಷ ದಾಟಿದ ಮೇಲೆ 34 ಸೆಂಟಿಮೀಟರ್. ನಮ್ಮ ನಾಟಿ ತಳಿಗಳು ನಿಧಾನವಾಗಿ ಪ್ರಾಯಕ್ಕೆ ಬರುತ್ತವೆ, ಆ ಅಂಕಿಗಳನ್ನು ಅವುಗಳ ಮೇಲೆ ಹೇರಬೇಡಿ. ಅದೇ ತಳಿಯ, ಅದೇ ವಯಸ್ಸಿನ, ಅದೇ ಮೇವಿನ ಇನ್ನೊಂದು ಕರುವಿನೊಡನೆ ಹೋಲಿಸಿ. ಕೈಗೆ ವೃಷಣ ಬಿಗಿಯಾಗಿ, ಒತ್ತಿದರೆ ಮರಳಿ ಉಬ್ಬುವಂತೆ ಇರಬೇಕು. ಹಿಟ್ಟಿನಂತೆ ಮೆತ್ತಗಿದ್ದರೆ ಸೊರಗುತ್ತಿದೆ. ಕಲ್ಲಿನಂತೆ ಗಟ್ಟಿಯಿದ್ದರೆ ಹಳೆಯ ಉರಿಯೂತ ಗಾಯವಾಗಿ ಉಳಿದಿದೆ.

ಎರಡೂ ಸಮವಾಗಿ ಸಣ್ಣವಾಗಿದ್ದು ಕರುವೇ ಸೊರಗಿದ್ದರೆ ಕಾರಣ ಬಹುಮಟ್ಟಿಗೆ ಮೇವು. ನಮ್ಮಲ್ಲಿ ಅತಿ ಹೆಚ್ಚು ನಷ್ಟವಾಗುವುದು ಇಲ್ಲೇ ಎಂದು ನಾನು ನಂಬಿದ್ದೇನೆ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಗಂಡು ಕರುವಿಗೆ 10ರಿಂದ 20 ವಾರದ ವಯಸ್ಸಿನಲ್ಲಿ ಎಲ್‌ಎಚ್ ಮಿಡಿತಗಳು ಒಮ್ಮೆ ಏರುತ್ತವೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಆದರೆ ಮುಂದೆ ವೃಷಣ ಎಷ್ಟು ದೊಡ್ಡದಾಗಬೇಕು, ಕರು ಯಾವಾಗ ಪ್ರಾಯಕ್ಕೆ ಬರಬೇಕು ಎಂಬುದನ್ನು ಆ ಏರಿಕೆ ಬಹುಪಾಲು ನಿರ್ಧರಿಸುತ್ತದೆ. ಆ ವಾರಗಳಲ್ಲಿ ಹೊಟ್ಟೆ ತುಂಬಾ ತಿಂದ ಕರುವಿನ ರಕ್ತದಲ್ಲಿ ಐಜಿಎಫ್-1 ಹೆಚ್ಚಿರುತ್ತದೆ, ಎಲ್‌ಎಚ್ ಮಿಡಿತವೂ ಹೆಚ್ಚಿರುತ್ತದೆ. ಲೇಡಿಗ್ ಕೋಶದಲ್ಲಿ ಎಲ್‌ಎಚ್ ಗ್ರಾಹಿಗಳು ಹೆಚ್ಚಲು, ಕೋಶ ಬಲಿಯಲು ಐಜಿಎಫ್-1 ಬೇಕು. ಅದರ ಜೀನನ್ನೇ ತೆಗೆದುಹಾಕಿದ ಇಲಿಗಳಲ್ಲಿ ಲೇಡಿಗ್ ಕೋಶಗಳು ಎಳಸಾಗಿಯೇ ಉಳಿದು ಟೆಸ್ಟೋಸ್ಟೆರೋನ್ ತೀರಾ ಕುಸಿಯಿತು. ನಮ್ಮ ಕೊಟ್ಟಿಗೆಗಳಲ್ಲಿ ಗಂಡು ಕರುವಿಗೆ ತಾಯಿಯ ಹಾಲು ಬಿಡುವುದು ಕೊನೆಯ ನಾಲ್ಕು ಹನಿ ಮಾತ್ರ. ಅದನ್ನೇ ಮುಂದೆ ಬೀಜದ ಹೋರಿ ಮಾಡುವ ಆಸೆಯಿದ್ದರೆ ಆ ವಾರಗಳ ಹಾಲನ್ನು ದಯವಿಟ್ಟು ಅದಕ್ಕೆ ಬಿಡಿ. ಆಗ ಉಳಿಸಿದ ಹಾಲಿನ ನಷ್ಟವನ್ನು ಎರಡನೇ ವರ್ಷದಲ್ಲಿ ಚೀಲಗಟ್ಟಲೆ ಹಿಂಡಿ ತಿನ್ನಿಸಿ ಪೂರ್ತಿ ತುಂಬಲಾಗದು.

ಕರು ಪುಷ್ಟವಾಗಿದ್ದೂ ಒಂದೇ ವೃಷಣ ಸಣ್ಣದಾಗಿದ್ದರೆ ಹುಟ್ಟಿನ ದೋಷವಿರಬಹುದು. ಸ್ವೀಡನ್ನಿನ ಹೈಲ್ಯಾಂಡ್ ದನಗಳಲ್ಲಿ ಇದು ವಂಶವಾಹಿಯಾಗಿ ಬರುವುದನ್ನು ಕಳೆದ ಶತಮಾನದ ಮೊದಲರ್ಧದಲ್ಲೇ ಗುರುತಿಸಿದ್ದರು. ಹೆಚ್ಚಾಗಿ ಎಡಗಡೆಯದು ಸಣ್ಣ. ಆ ಹೋರಿಗಳು ಚೆನ್ನಾಗಿಯೇ ಹಾರುತ್ತಿದ್ದವು, ಏಕೆಂದರೆ ಲೇಡಿಗ್ ಕೋಶಗಳಿಗೆ ಏನೂ ಆಗಿರಲಿಲ್ಲ. ಇಂಥ ಗಂಡನ್ನು ತಳಿಗೆ ಬಳಸಬಾರದು. ಎಷ್ಟು ಚೆಂದದ ಹೋರಿಯಾದರೂ ಸರಿ.

## ಲಕ್ಷಣ: ಬೀಜ ಒಡೆಸಿದ ಮೇಲೂ ಗಂಡಿನ ವರ್ತನೆ

ಒಡೆಸಿ ಕೆಲವೇ ವಾರವಾಗಿದ್ದರೆ ಕಾಯಿರಿ. ಹಾರ್ಮೋನ್ ಬೇಗ ಇಳಿಯುತ್ತದೆ, ಅಭ್ಯಾಸ ನಿಧಾನವಾಗಿ ಹೋಗುತ್ತದೆ. ಇಕ್ಕಳದಿಂದ ಒಡೆಸಿದ್ದರೆ ಒಂದೂವರೆ ತಿಂಗಳಲ್ಲಿ ವೃಷಣ ಬತ್ತಿ ಸಣ್ಣದಾಗಬೇಕು. ಒಂದು ಬತ್ತಿ ಇನ್ನೊಂದು ತುಂಬಿಕೊಂಡೇ ಇದ್ದರೆ ಆ ಕಡೆಯ ನಾಳ ಇಕ್ಕಳಕ್ಕೆ ಸಿಕ್ಕಿಲ್ಲ.

ತಿಂಗಳುಗಳಾದರೂ ವರ್ತನೆ ನಿಲ್ಲದಿದ್ದರೆ, ಅಥವಾ ಮೊದಲೇ ಚೀಲದಲ್ಲಿ ಒಂದೇ ವೃಷಣವಿದ್ದರೆ, ಇನ್ನೊಂದು ಹೊಟ್ಟೆಯೊಳಗೋ ತೊಡೆಯ ಸಂದಿಯಲ್ಲೋ ಉಳಿದಿದೆ ಎಂದು ಅನುಮಾನಿಸಿ. ಒಳಗಿನ ಶಾಖಕ್ಕೆ ಅದರಲ್ಲಿ ವೀರ್ಯಾಣು ಬೆಳೆಯುವುದಿಲ್ಲ. ಟೆಸ್ಟೋಸ್ಟೆರೋನ್ ಮಾತ್ರ ಬರುತ್ತಲೇ ಇರುತ್ತದೆ. ಬೆಕ್ಕಿನಲ್ಲಿ ಇದನ್ನು ಕಣ್ಣಿನಲ್ಲೇ ನೋಡಬಹುದು: ಗಂಡು ಬೆಕ್ಕಿನ ಶಿಶ್ನದ ಮೇಲೆ ಮುಳ್ಳಿನಂಥ ಸಣ್ಣ ಮೊನೆಗಳಿರುತ್ತವೆ, ಟೆಸ್ಟೋಸ್ಟೆರೋನ್ ನಿಂತರೆ ಸುಮಾರು ಆರು ವಾರದಲ್ಲಿ ಮಾಯವಾಗುತ್ತವೆ. ವೈದ್ಯರು ನೋಡಿದಾಗ ಮೊನೆಗಳು ಇನ್ನೂ ಇದ್ದರೆ ಹಾರ್ಮೋನಿನ ಮೂಲ ಒಳಗಿದೆ.

ಖಚಿತಪಡಿಸಲು ಎರಡು ದಾರಿಗಳಿವೆ. ಎಲ್‌ಎಚ್‌ನಂತೆಯೇ ಕೆಲಸ ಮಾಡುವ ಎಚ್‌ಸಿಜಿ ಕೊಟ್ಟು, ಮೊದಲು ಮತ್ತು ನಂತರದ ರಕ್ತದಲ್ಲಿ ಟೆಸ್ಟೋಸ್ಟೆರೋನ್ ಏರಿತೇ ಎಂದು ನೋಡುವುದು. ಇಲ್ಲವೇ ಸರ್ಟೋಲಿ ಕೋಶಗಳು ಮಾತ್ರ ತಯಾರಿಸುವ ಎಎಂಎಚ್ ಎಂಬ ಬೆಳವಣಿಗೆ ಅಂಶವನ್ನು ಗಂಡಿನ ರಕ್ತದಲ್ಲಿ ಹುಡುಕುವುದು. ಎರಡರಲ್ಲಿ ಒಂದು ಸಕಾರಾತ್ಮಕವಾಗಿ ಬಂದರೂ ವೃಷಣ ಉಳಿದಿದೆ, ಶಸ್ತ್ರಚಿಕಿತ್ಸೆಯಿಂದ ತೆಗೆಸಬೇಕು. ನಾಯಿಗಳಲ್ಲಿ ಒಳಗುಳಿದ ವೃಷಣದಲ್ಲಿ ಗೆಡ್ಡೆಯಾಗುವ ಅಪಾಯ ಹಲವು ಪಟ್ಟು ಹೆಚ್ಚು. ‘ಎಳೆಯದು, ಇಳಿಯಬಹುದು’ ಎಂದು ವರ್ಷಗಟ್ಟಲೆ ಬಿಡಬೇಡಿ.

## ಲಕ್ಷಣ: ಗಂಡುನಾಯಿಗೆ ಮೊಲೆ ಊದಿದೆ, ಬೇರೆ ಗಂಡುನಾಯಿಗಳು ಹಿಂದೆ ಬೀಳುತ್ತಿವೆ

ಎರಡೂ ಪಕ್ಕೆಗಳಲ್ಲಿ ತುರಿಕೆಯಿಲ್ಲದೆ ಕೂದಲು ಉದುರುವುದು, ಮೊಲೆತೊಟ್ಟು ದೊಡ್ಡದಾಗುವುದು, ಶಿಶ್ನದ ಹೊದಿಕೆ ಜೋಲುವುದು ಇವು ಈಸ್ಟ್ರೋಜೆನ್ ಹೆಚ್ಚಾದ ಗುರುತುಗಳು. ಕಾರಣ ಬಹುಪಾಲು ಸರ್ಟೋಲಿ ಕೋಶದ ಗೆಡ್ಡೆ. ಆ ಕಡೆಯ ವೃಷಣ ದೊಡ್ಡದು, ಇನ್ನೊಂದು ಬತ್ತಿದ್ದು ಆಗಿರುತ್ತದೆ. ಮಿದುಳಿನ ಆದೇಶ ಅಡಗಿರುವುದರಿಂದ ಒಳ್ಳೆಯ ವೃಷಣ ಸೊರಗುತ್ತದೆ. ಇದಕ್ಕೆ ಅಗ್ಗವಾದ ಪರೀಕ್ಷೆಯೊಂದಿದೆ. ಹೊದಿಕೆಯ ಒಳಗಿನಿಂದ ಹತ್ತಿಯ ಕಡ್ಡಿಯಲ್ಲಿ ಕೋಶಗಳನ್ನು ತೆಗೆದು ಗಾಜಿನ ಮೇಲೆ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಬೆದೆಗೆ ಬಂದ ಹೆಣ್ಣುನಾಯಿಯಲ್ಲಿ ಕಾಣುವಂಥ ಚಪ್ಪಟೆ, ಗಡುಸು ಕೋಶಗಳು ಕಾಣುತ್ತವೆ.

ಒಸಡು ಬಿಳಿಚಿಕೊಂಡಿದ್ದರೆ, ಮೂಗಿನಲ್ಲಿ ರಕ್ತ ಬಂದರೆ, ಚರ್ಮದಡಿ ರಕ್ತದ ಕಲೆಗಳಿದ್ದರೆ ಅದೇ ದಿನ ಆಸ್ಪತ್ರೆಗೆ ಒಯ್ಯಿರಿ. ಈಸ್ಟ್ರೋಜೆನ್ ಮೂಳೆಮಜ್ಜೆಯನ್ನು ಅಡಗಿಸಿ ಪ್ರಾಣ ತೆಗೆಯಬಲ್ಲದು. ರಕ್ತಕಣಗಳ ಎಣಿಕೆ ಮಾಡಿಸದೆ ಶಸ್ತ್ರಚಿಕಿತ್ಸೆಗೆ ಒಪ್ಪಬೇಡಿ. ಹಾಗೆಯೇ ಚರ್ಮದ ಬೂಷ್ಟು ರೋಗಕ್ಕೆ ಕೀಟೋಕೊನಜೋಲ್ ಮಾತ್ರೆ ನುಂಗುತ್ತಿರುವ ನಾಯಿಯಲ್ಲಿ ಟೆಸ್ಟೋಸ್ಟೆರೋನ್ ಕಡಿಮೆ ಕಂಡರೆ ಗಾಬರಿ ಬೇಡ. ಆ ಔಷಧಿ ಸ್ಟೀರಾಯ್ಡ್ ತಯಾರಿಸುವ ಕಿಣ್ವಗಳನ್ನೇ ತಡೆಯುತ್ತದೆ.

## ಲಕ್ಷಣ: ವರದಿಯಲ್ಲಿ ಟೆಸ್ಟೋಸ್ಟೆರೋನ್ ಕಡಿಮೆ

ಒಂದು ಸಲದ ರಕ್ತದಿಂದ ಏನೂ ತೀರ್ಮಾನಿಸಬೇಡಿ. ಎಲ್‌ಎಚ್ ಮಿಡಿತಕ್ಕೆ ತಕ್ಕಂತೆ ಹೋರಿಯ ರಕ್ತದ ಟೆಸ್ಟೋಸ್ಟೆರೋನ್ ಒಂದೇ ದಿನದಲ್ಲಿ ಹಲವು ಪಟ್ಟು ಏರಿಳಿಯುತ್ತದೆ. ಎರಡು ಮಿಡಿತಗಳ ನಡುವೆ ಸೂಜಿ ಚುಚ್ಚಿದರೆ ಗಟ್ಟಿಮುಟ್ಟಾದ ಹೋರಿಯಲ್ಲೂ ಅಂಕಿ ತಳದಲ್ಲಿರುತ್ತದೆ.

ದೋಷದ ಸ್ಥಾನ ತಿಳಿಯಲು ಕೆಣಕಿ ನೋಡಬೇಕು, ಇದು ಪಶುವೈದ್ಯರ ಕೆಲಸ. ಮೊದಲು ರಕ್ತ ತೆಗೆದು, ಜಿಎನ್‌ಆರ್‌ಎಚ್ ಅಥವಾ ಅದರಂಥ ಬುಸೆರೆಲಿನ್ ಕೊಟ್ಟು, ಎರಡು ಗಂಟೆಯ ಸುಮಾರಿಗೆ ಮತ್ತೆ ತೆಗೆಯುತ್ತಾರೆ. ಟೆಸ್ಟೋಸ್ಟೆರೋನ್ ಚೆನ್ನಾಗಿ ಏರಿದರೆ ಪಿಟ್ಯುಟರಿಯೂ ವೃಷಣವೂ ಸರಿಯಿವೆ. ತೊಂದರೆ ಮೇವು, ಒತ್ತಡ, ಔಷಧಿ, ನೋವು ಇವುಗಳಲ್ಲೆಲ್ಲೋ ಇದೆ, ಮೊದಲ ಭಾಗಕ್ಕೆ ಮರಳಿ ಹೋಗಿ. ಏರದಿದ್ದರೆ ಇನ್ನೊಂದು ದಿನ ಎಚ್‌ಸಿಜಿ ಕೊಟ್ಟು ನೋಡುತ್ತಾರೆ. ಅದಕ್ಕೆ ಏರಿದರೆ ದೋಷ ಪಿಟ್ಯುಟರಿಯದು. ಅದಕ್ಕೂ ಏರದಿದ್ದರೆ ಲೇಡಿಗ್ ಕೋಶಗಳದೇ. ಇಲ್ಲಿ ಆತುರ ಬೇಡ: ಹೊರಗಿನ ಟೆಸ್ಟೋಸ್ಟೆರೋನಿನಿಂದಾಗಿ ತಿಂಗಳುಗಟ್ಟಲೆ ಎಲ್‌ಎಚ್ ಕಾಣದ ಲೇಡಿಗ್ ಕೋಶಗಳು ಮೊದಲ ಸಲ ಮಂದವಾಗಿ ಸ್ಪಂದಿಸಬಹುದು. ಅಂಥ ಪ್ರಾಣಿಗೆ ಇಂಜೆಕ್ಷನ್ ಪೂರ್ತಿ ನಿಲ್ಲಿಸಿ, ಎರಡು ಮೂರು ತಿಂಗಳ ನಂತರ ಮತ್ತೆ ಪರೀಕ್ಷಿಸುವುದು ನ್ಯಾಯ.

ಪರೀಕ್ಷೆಗೆ ಕೊಡುವ ಎಚ್‌ಸಿಜಿಯನ್ನೇ ವಾರಕ್ಕೊಮ್ಮೆ ಕೊಡುತ್ತಾ ಹೋದರೆ ಆಗದೇ ಎಂದು ಕೇಳುವವರಿದ್ದಾರೆ. ಮೇಲಿಂದ ಮೇಲೆ ದೊಡ್ಡ ಪ್ರಮಾಣದಲ್ಲಿ ಕೊಟ್ಟರೆ ಲೇಡಿಗ್ ಕೋಶ ತನ್ನ ಎಲ್‌ಎಚ್ ಗ್ರಾಹಿಗಳನ್ನು ಒಳಗೆ ಎಳೆದುಕೊಂಡು ಕಿವುಡಾಗುತ್ತದೆ. ಜೊತೆಗೆ ಅದು ಮನುಷ್ಯರ ಹಾರ್ಮೋನ್ ಆದ್ದರಿಂದ ಪ್ರಾಣಿಯ ಮೈಯಲ್ಲಿ ಪ್ರತಿಕಾಯಗಳೂ ಹುಟ್ಟುತ್ತವೆ. ಜಿಎನ್‌ಆರ್‌ಎಚ್ ಜಾತಿಯ ಔಷಧಿಯನ್ನು ಬಿಡುವಿಲ್ಲದೆ ಕೊಟ್ಟರೆ ಮೊದಲ ಕೆಲವು ದಿನ ಟೆಸ್ಟೋಸ್ಟೆರೋನ್ ಏರಿ ಆಮೇಲೆ ಕುಸಿಯುತ್ತದೆ. ನಾಯಿಗಳಲ್ಲಿ ಶಸ್ತ್ರವಿಲ್ಲದೆ ಸಂತಾನ ತಡೆಯಲು ಡೆಸ್ಲೊರೆಲಿನ್ ಎಂಬ ಕಡ್ಡಿಯನ್ನು ಚರ್ಮದಡಿ ಇಡುವುದು ಇದೇ ತತ್ತ್ವದ ಮೇಲೆ.

ವೈದ್ಯರ ಬಳಿ ಹೋಗುವಾಗ ಒಂದು ಹಾಳೆಯಲ್ಲಿ ಇಷ್ಟು ಬರೆದುಕೊಂಡು ಹೋಗಿ: ವಯಸ್ಸು, ವೃಷಣದ ಸುತ್ತಳತೆ, ಕಳೆದ ಮೂರು ತಿಂಗಳಲ್ಲಿ ಬಂದ ಜ್ವರ, ಹಾಕಿಸಿದ ಪ್ರತಿ ಇಂಜೆಕ್ಷನ್‌ನ ಹೆಸರು, ಹಿಂಡಿಯ ಬಗೆ, ಬಿಟ್ಟ ಹೆಣ್ಣುಗಳೆಷ್ಟು, ಗಬ್ಬ ನಿಂತವೆಷ್ಟು, ಮಂದೆಯಲ್ಲಿ ಯಾವುದಾದರೂ ಕಂದು ಹಾಕಿತ್ತೇ. ಔಷಧಿಯ ಹೆಸರು ಗೊತ್ತಿಲ್ಲದಿದ್ದರೆ ಖಾಲಿ ಸೀಸೆಯನ್ನೇ ಒಯ್ಯಿರಿ.